ಇಬ್ಬರಿಗೆ ಒಂದೇ ಲೈಸೆನ್ಸು

ಬಾಗಲಕೋಟೆ
೧೨ ಜೂನ್ ೧೯೭೮

ತಮ್ಮ ಸಣ್ಯಾ,

ಊರಲ್ಲಿ ಎಲ್ಲರೂ ಹೇಗಿದ್ದಾರೆ ಅಂತ ಕೇಳಿ ಕಾಗದ ತುಂಬಿಸುವುದಿಲ್ಲ. ಅವ್ವ ಹೋದ ವಾರವಷ್ಟೇ ಬಂದು ಕುರಿಮರಿಗಳ ಸುದ್ದಿಯಿಂದ ಹಿಡಿದು ಎಲ್ಲ ಹೇಳಿ ಹೋಗಿದ್ದಾಳೆ. ಈ ಪತ್ರದಲ್ಲಿ ಇರುವುದು ಕೆಲಸದ ಮಾತು. ಇಳಕಲ್ಲಿನ ಮಗ್ಗದವರ ಓಣಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಓದಬೇಡ, ಎಲ್ಲಾದರೂ ಕೂತು ಓದು.

ಇಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಡ್ರೈವರ್ ಜಾಗ ಖಾಲಿಯಾಗಿದೆ. ಖಾಯಂ ನೌಕರಿ. ಹತ್ತಿ ಸಾಹುಕಾರನ ಅಂಬಾಸಿಡರ್ ಓಡಿಸಿ ಓಡಿಸಿ ನನಗೆ ಜೀವ ಸಾಕಾಗಿದೆ. ಕಾರು ಓಡಿಸುವವನೂ ನಾನೇ, ಅವರ ಮನೆಗೆ ಕಾಯಿಪಲ್ಯ ತರುವವನೂ ನಾನೇ, ನೀರು ಸೇದುವವನೂ ನಾನೇ. ನಿನ್ನ ವೈನಿ ಸಾವಂತ್ರವ್ವ ನಮ್ಮ ಇಬ್ಬರು ಹೆಣ್ಣುಮಕ್ಕಳ ಎದುರಿಗೇ ಕೇಳುತ್ತಾಳೆ, "ನೀವು ಡ್ರೈವರ್ ಅದೀರೋ, ಅವರ ಮನಿ ಆಳು ಅದೀರೋ?" ಅಂತ.

ಆದರೆ ಈ ಜಾಗಕ್ಕೆ ಬರುವವನು ಜೀಪೂ ಓಡಿಸಬೇಕು, ಬೇಕಾದಾಗ ಮೋಟರ್‌ಸೈಕಲ್ ಮೇಲೆ ಟಪಾಲೂ ಒಯ್ಯಬೇಕು. ಎರಡರ ಲೈಸೆನ್ಸೂ ಬೇಕು ಅಂತ ಬರೆದಿದ್ದಾರೆ. ನನ್ನ ಹತ್ತಿರ ಕಾರಿನದು ಮಾತ್ರ ಇದೆ. ನಾನು ಮೋಟರ್‌ಸೈಕಲ್ ಕಲಿತು, ಪರೀಕ್ಷೆ ಕೊಟ್ಟು, ಲೈಸೆನ್ಸಿನ ಪುಸ್ತಕ ಕೈಗೆ ಬರುವಷ್ಟರಲ್ಲಿ ಆ ಜಾಗದಲ್ಲಿ ಬೇರೆ ಯಾರೋ ಕೂತು ಮುದುಕರಾಗಿರುತ್ತಾರೆ. ಅರ್ಜಿ ಹಾಕಲು ಮುಂದಿನ ತಿಂಗಳ ಕೊನೆಯವರೆಗೆ ಮಾತ್ರ ವೇಳೆಯಿದೆ.

ಮೋಟರ್‌ಸೈಕಲ್ಲಿನ ಪುಸ್ತಕ ನಿನ್ನ ಹತ್ತಿರ ಇದೆ. ನಗಬೇಡ, ಪೂರ್ತಿ ಓದು. ನನ್ನ ಪುಸ್ತಕದಲ್ಲಿ ಏನಿದೆ? ಅಮಸಿದ್ದಪ್ಪ ತಂದೆ ಹುಲ್ಲಪ್ಪ ಪೂಜಾರಿ, ಗುಡೂರು, ಹುಟ್ಟಿದ್ದು ೧-೬-೧೯೫೨. ನಿನ್ನ ಪುಸ್ತಕದಲ್ಲಿ? ಅಕ್ಷರಕ್ಕೆ ಅಕ್ಷರ ಅದೇ. ಹಿರಿಯರು ಇಬ್ಬರಿಗೂ ಅಜ್ಜನ ಹೆಸರನ್ನೇ ಇಟ್ಟರು. ನಿನ್ನ ತಂದೆ ಈರಪ್ಪ ಕಾಕಾ ನೀನು ಹುಟ್ಟುವ ಮೊದಲೇ ತೀರಿಕೊಂಡಿದ್ದರಿಂದ ಅಪ್ಪ ನಮ್ಮಿಬ್ಬರನ್ನೂ ಒಂದೇ ದಿನ ಸಾಲಿಗೆ ಕರೆದೊಯ್ದು, "ಎರಡೂ ನನ್ನ ಮಕ್ಕಳರೀ ಮಾಸ್ತರ, ನನ್ನ ಹೆಸರ ಹಚ್ಚರಿ" ಅಂದ. ಮಾಸ್ತರರು ಇಬ್ಬರಿಗೂ ಜೂನ್ ಒಂದು ಅಂತ ಬರೆದುಕೊಂಡರು. ಊರಿಗೆ ನಾನು ದೊಡ್ಯಾ, ನೀನು ಸಣ್ಯಾ. ಕಾಗದದಲ್ಲಿ ಮಾತ್ರ ನಾವಿಬ್ಬರೂ ಒಬ್ಬನೇ.

ಒಬ್ಬನ ಹತ್ತಿರ ಕಾರಿನದೊಂದು, ಮೋಟರ್‌ಸೈಕಲ್ಲಿನದೊಂದು ಅಂತ ಎರಡು ಪುಸ್ತಕ ಇದ್ದರೆ ಎರಡನ್ನೂ ಲೈಸೆನ್ಸು ಕಚೇರಿಗೆ ಕೊಟ್ಟು ಒಂದೇ ಪುಸ್ತಕ ಮಾಡಿಸಿಕೊಳ್ಳಬೇಕಂತೆ. ಹಳೆಯವನ್ನು ಅವರು ಇಟ್ಟುಕೊಂಡು ಹೊಸದರಲ್ಲಿ ಎರಡನ್ನೂ ಬರೆದು, ಹೊಸ ಫೋಟೋ ಹಚ್ಚಿ ಕೊಡುತ್ತಾರೆ. ನಿನ್ನ ಪುಸ್ತಕದ ಫೋಟೋ ಮಳೆಗೆ ನೆನೆದು ಮುಖವೇ ಅಳಿಸಿ ಹೋಗಿದೆ ಅಂತ ಯುಗಾದಿಗೆ ಬಂದಾಗ ನೀನೇ ತೋರಿಸಿದ್ದೆ. ಆ ಪುಸ್ತಕ ನನಗೆ ಕೊಡು. ನೀನು ಮತ್ತೊಮ್ಮೆ ಪರೀಕ್ಷೆ ಕೊಟ್ಟು ಹೊಸದು ತೆಗೆದುಕೋ, ನಿನಗೆ ಅದೇನು ದೊಡ್ಡ ಮಾತು. ಬಸ್ಸಿನ ಡ್ರೈವರ್ ಗೌಸಸಾಬನ ಕೈಯಲ್ಲಿ ಕಳಿಸಿದರೆ ಅವನು ನನಗೆ ಮುಟ್ಟಿಸುತ್ತಾನೆ.

ನಿನ್ನನ್ನು ಬಿಟ್ಟರೆ ನಾನು ಯಾರನ್ನು ಕೇಳಲಿ?

ನಿನ್ನ ಅಣ್ಣ
ದೊಡ್ಯಾ


ಇಳಕಲ್
೧೯ ಜೂನ್ ೧೯೭೮

ದೊಡ್ಡಣ್ಣ ಸಾಹೇಬರ ಸನ್ನಿಧಿಗೆ,

ಸರ್ಕಾರಿ ನೌಕರಿ ಸಿಗುವ ಮೊದಲೇ ಹುಕುಂ ಶುರುವಾಯಿತು! ನಿನ್ನ ಪತ್ರವನ್ನು ಮಗ್ಗದ ಇಬ್ರಾಹಿಂಸಾಬನ ಕಟ್ಟೆಯ ಮೇಲೆ ಕೂತು ಓದಿದೆ. "ಏನಪಾ, ಪತ್ರ ಓದಿ ಮಾರಿ ಹಿಂಗ ಆತು?" ಅಂತ ಅವನು ಕೇಳಿದ. ಏನಿಲ್ಲ, ನಮ್ಮಣ್ಣ ನನ್ನ ಮೈಮೇಲಿನ ಅಂಗಿ ಕೇಳಿದ್ದಾನೆ ಅಂದೆ.

ನಿನ್ನ ಹತ್ತಿರ ಸುಳ್ಳು ಯಾಕೆ. ಕೊಡಲು ಮನಸ್ಸು ಹಿಂದೆಗೆಯಿತು. ಸಣ್ಣಂದಿನಿಂದ ನನಗೆ ಬಂದದ್ದೆಲ್ಲ ನೀನು ತೊಟ್ಟು ಬಿಟ್ಟ ಅಂಗಿ, ನೀನು ಬರೆದು ಬಿಟ್ಟ ಪಾಟಿ. ನನ್ನದೇ ಅಂತ ಬಂದದ್ದು ಆ ಪುಸ್ತಕವೊಂದೇ. ಪರೀಕ್ಷೆಯ ದಿನ ಮೈದಾನದಲ್ಲಿ ಎಂಟರ ಆಕಾರಕ್ಕೆ ಗಾಡಿ ತಿರುಗಿಸು ಅಂದರು. ಒಂದು ಸಲವೂ ಕಾಲು ನೆಲಕ್ಕೆ ತಾಗಲಿಲ್ಲ. ಆ ಸಾಹೇಬರು, "ಶಾಬಾಸ್, ಯಾರು ಕಲಿಸಿದ್ರೋ ನಿನಗ?" ಅಂದರು. ಯಾರೂ ಕಲಿಸಿಲ್ಲರೀ ಅಂದೆ. ಆ ದಿನ ಊರಿಗೆ ಬಂದು ಅವ್ವನಿಗೆ ಆ ಪುಸ್ತಕ ಕೊಟ್ಟರೆ ಅವಳು ತಿರುಗುಮುರುಗು ಹಿಡಿದು, ಬೀರಪ್ಪ ದೇವರ ಮುಂದೆ ಇಟ್ಟು ಭಂಡಾರ ಹಚ್ಚಿದಳು. ಮೊದಲ ಪುಟದ ಹಳದಿ ಕಲೆ ಅದೇ. ಕಚೇರಿಯವರು ಕೇಳಿದರೆ ಅಡಿಗೆಯ ಅರಿಷಿಣ ಅಂತ ಹೇಳು.

ಅವ್ವನನ್ನೂ ಕೇಳಿದೆ. "ಒಬ್ಬಗರ ಸರ್ಕಾರಿ ಅನ್ನ ಸಿಗಲಿ, ಕೊಡು" ಅಂದಳು. ಅಲ್ಲಿಗೆ ಮುಗಿಯಿತು.

ನನ್ನ ಕೆಲಸಕ್ಕೆ ತೊಂದರೆಯಿಲ್ಲ. ಸೀರೆ ಸಾಹುಕಾರ ಗುರಲಿಂಗಪ್ಪನವರಿಗೆ ನಾನು ಬೆಳಿಗ್ಗೆ ನೂಲು ಒಯ್ದು ಮಗ್ಗದವರಿಗೆ ಕೊಟ್ಟೆನೋ ಇಲ್ಲವೋ, ಸಂಜೆ ಸೀರೆ ತಂದೆನೋ ಇಲ್ಲವೋ, ಅದಷ್ಟೇ ಬೇಕು. ರಾಜದೂತ ಮೋಟರ್‌ಸೈಕಲ್ ಅವರದು, ಓಡಿಸುವುದು ನಾನು. ಲೈಸೆನ್ಸು ತೋರಿಸು ಅಂತ ಅವರು ಎಂದೂ ಕೇಳಿದವರಲ್ಲ.

ಪುಸ್ತಕ ಗೌಸಸಾಬನ ಕೈಯಲ್ಲಿ ಕೊಟ್ಟಿದ್ದೇನೆ. ನೌಕರಿ ಸಿಕ್ಕರೆ ಅಮೀನಗಡದ ಕರದಂಟು ಬೇಡ, ನನ್ನನ್ನು ಒಮ್ಮೆ ಜೀಪಿನಲ್ಲಿ ಮುಂದೆ ಕೂಡಿಸಿಕೊಂಡು ಗುಡೂರಿನ ಅಗಸಿ ಬಾಗಿಲೊಳಗೆ ಬಾ, ಸಾಕು.

ನಿನ್ನ ತಮ್ಮ, ಕಾಗದದ ಮೇಲೆ ನೀನೇ
ಸಣ್ಯಾ


ಬಾಗಲಕೋಟೆ
೯ ಸೆಪ್ಟೆಂಬರ್ ೧೯೭೮

ಸಣ್ಯಾ,

ಆಯಿತು! ಮೊನ್ನೆ ಸೋಮವಾರ ಹಾಜರಾದೆ. ಖಾಕಿ ಅಂಗಿ ಹೊಲಿಯಲು ಹಾಕಿದ್ದೇನೆ. ಸಾವಂತ್ರವ್ವ ಓಣಿಯವರಿಗೆಲ್ಲ ಸಕ್ಕರೆ ಹಂಚಿದಳು. ಹೆಣ್ಣುಮಕ್ಕಳು ಜೀಪಿನ ಹಾರ್ನ್ ಬಾರಿಸಿ ಬಾರಿಸಿ ಕಚೇರಿಯ ಜವಾನನಿಂದ ಬೈಸಿಕೊಂಡರು.

ಪುಸ್ತಕದ ಕೆಲಸ ಎಷ್ಟು ಸರಳವಾಯಿತು ಅಂದರೆ ನನಗೇ ನಂಬಿಕೆ ಬರಲಿಲ್ಲ. ಗುಮಾಸ್ತ ಎರಡೂ ಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡು ಹೆಸರು, ತಂದೆ, ಊರು, ತಾರೀಖು ನೋಡಿದ. "ಇಷ್ಟು ದಿನ ಯಾಕ ಎರಡು ಇಟ್ಟಕೊಂಡಿದ್ದಿ? ಮೊದಲ ತರಬೇಕಿಲ್ಲೇನು?" ಅಂತ ನನ್ನನ್ನೇ ಗದರಿಸಿದ. ತಪ್ಪಾಯ್ತರೀ ಅಂದೆ. ಹಳೆಯ ಎರಡಕ್ಕೂ ಕೆಂಪು ಗೆರೆ ಎಳೆದು ಒಳಗೆ ಇಟ್ಟುಕೊಂಡ.

ಇನ್ನೂ ಮೋಟರ್‌ಸೈಕಲ್ ಮೇಲೆ ಕಳಿಸಿಲ್ಲ. ಕಳಿಸಿದರೆ ಬೆನ್ನುನೋವು ಅಂತ ಹೇಳುತ್ತೇನೆ. ಒಂದು ಭಾನುವಾರ ಬಂದು ಕಲಿಸಿಕೊಡು.

ನೀನೂ ತಡ ಮಾಡದೆ ಪರೀಕ್ಷೆಗೆ ಅರ್ಜಿ ಹಾಕು. ನಿನ್ನ ಉಪಕಾರ ಅಂತ ಬರೆಯಲು ನಾಚಿಕೆಯಾಗುತ್ತದೆ, ಅಣ್ಣತಮ್ಮರ ನಡುವೆ ಅದೆಂಥ ಮಾತು.

ದೊಡ್ಯಾ


ಇಳಕಲ್
೨೪ ಫೆಬ್ರವರಿ ೧೯೭೯

ಅಣ್ಣಾ,

ಪರೀಕ್ಷೆಗೆ ಬಾಗಲಕೋಟೆಗೆ ಬಂದಿದ್ದೆ. ನೀನು ಸಾಹೇಬರ ಜೊತೆ ಬಾದಾಮಿ ಕಡೆ ಹೋಗಿದ್ದೆಯಂತೆ, ಮನೆಗೆ ಬಂದು ವೈನಿಯ ಕೈಯ ಚಹಾ ಕುಡಿದು ಬಂದೆ. ಅವರಿಗೆ ಏನೂ ಹೇಳಲಿಲ್ಲ.

ಗಾಡಿ ಮುಟ್ಟುವುದಕ್ಕೂ ಬಿಡಲಿಲ್ಲ. ಸಾಲಿಯ ದಾಖಲೆ ಕೊಟ್ಟೆ. ಗುಮಾಸ್ತ ದೊಡ್ಡ ರಿಜಿಸ್ಟರ್ ತೆಗೆದು ಬೆರಳಿಟ್ಟು ಹುಡುಕಿ, "ಅಮಸಿದ್ದಪ್ಪ ಹುಲ್ಲಪ್ಪ ಪೂಜಾರಿ, ಗುಡೂರ. ನಿನಗ ಕಾರಿಂದೂ ಕೊಟ್ಟೈತಿ, ಮೋಟರ್‌ಸೈಕಲ್ದೂ ಕೊಟ್ಟೈತಿ. ಮತ್ಯಾಕ ಬಂದಿ?" ಅಂದ. ಅದು ನಾನಲ್ಲ ಅಂದರೆ ಅವನು ಯಾರು ಅಂತ ಕೇಳುತ್ತಾನೆ. ನಾನೇ ಅಂದರೆ ಪುಸ್ತಕ ತೋರಿಸು ಅನ್ನುತ್ತಾನೆ. ಮರೆತಿದ್ದೆರೀ ಅಂದೆ. ಹಿಂದೆ ಸರದಿಯಲ್ಲಿ ನಿಂತವರೆಲ್ಲ ನಕ್ಕರು. "ಒಬ್ಬ ಮನಿಷಾಗ ಎರಡು ಪುಸ್ತಕ ಇರಾಂಗಿಲ್ಲೋ. ಇದ್ದದ್ದ ಜ್ವಾಕಿ ಮಾಡಕೊ, ನಡಿ" ಅಂತ ಗುಮಾಸ್ತ ಕಳಿಸಿಬಿಟ್ಟ.

ತಂದೆಯ ಹೆಸರು ಈರಪ್ಪ ಅಂತ ಹಾಕಿ ಬೇರೆ ಅರ್ಜಿ ಕೊಡೋಣವೆಂದರೆ, ಹಾಗೆ ಹೇಳುವ ಒಂದು ಚೀಟಿಯೂ ನನ್ನ ಹತ್ತಿರ ಇಲ್ಲ. ಎಲ್ಲದರಲ್ಲೂ ಅಪ್ಪ ಹುಲ್ಲಪ್ಪನೇ. ಹಿಂದೆ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ, ನೀನು ಜೀವದಿಂದ ಇರುವವರೆಗೆ ನನಗೆ ಲೈಸೆನ್ಸು ಸಿಗುವುದಿಲ್ಲ. ತಪ್ಪು ತಿಳಿಯಬೇಡ, ಲೆಕ್ಕ ಹಾಗೆ ಬರುತ್ತದೆ.

ನಾಳೆಯೂ ಗಾಡಿ ಹೊಡೆಯಲೇಬೇಕು. ಕಳ್ಳನ ಹಾಗೆ ಹೊಡೆಯುತ್ತೇನೆ. ಏನಾದರೂ ದಾರಿ ತೋರಿಸು.

ಸಣ್ಯಾ


ಬಾಗಲಕೋಟೆ
೬ ಮಾರ್ಚ್ ೧೯೭೯

ಸಣ್ಯಾ,

ಗಾಬರಿಯಾಗಬೇಡ, ಯಾರ ಮುಂದೆಯೂ ಬಾಯಿ ಬಿಡಬೇಡ. ನನ್ನನ್ನು ಇನ್ನೂ ಖಾಯಂ ಮಾಡಿಲ್ಲ. ಎರಡು ವರ್ಷ ಪರೀಕ್ಷೆಯ ಕಾಲ. ಅದು ಮುಗಿದು ಆರ್ಡರ್ ಕೈಗೆ ಬಂದ ಮರುದಿನವೇ ನಾನೇ ಹೋಗಿ, ಮೋಟರ್‌ಸೈಕಲ್ಲಿನದು ನನಗೆ ಬೇಡ, ತಪ್ಪಿ ಸೇರಿದೆ ಅಂತ ಏನಾದರೂ ಹೇಳಿ ಸರಿ ಮಾಡುತ್ತೇನೆ. ಅಪ್ಪನ ಆಣೆ.

ಅಲ್ಲಿಯವರೆಗೆ ಹುಷಾರಾಗಿ ಓಡಿಸು. ಹುನಗುಂದದ ಕಡೆ ಪೊಲೀಸರು ನಿಂತಿದ್ದರೆ ಒಳದಾರಿ ಹಿಡಿ.

ದೊಡ್ಯಾ


ಇಳಕಲ್
೨೨ ಸೆಪ್ಟೆಂಬರ್ ೧೯೮೦

ಅಣ್ಣಾ,

ಕಾರ್ಡಿನಲ್ಲಿ ಹೆಚ್ಚು ಬರೆಯಲಾಗದು. ನಿನ್ನ ಎರಡು ವರ್ಷ ಮುಗಿಯಿತು, ಖಾಯಂ ಆಯಿತು ಅಂತ ಗೌಸಸಾಬ ಹೇಳಿದ. ಸಂತೋಷ. ಚೊಳಚಗುಡ್ಡದಲ್ಲಿ ನನಗೆ ಹೆಣ್ಣು ನೋಡಿದ್ದಾರೆ, ಹೆಸರು ಶಾರವ್ವ. ದೀಪಾವಳಿಯ ಮೇಲೆ ನಿಶ್ಚಯ ಮಾಡುತ್ತಾರೆ. ಅಷ್ಟರಲ್ಲಿ ನನ್ನ ಪುಸ್ತಕದ ಕೆಲಸ ಮಾಡಿಸು. ಮೂರು ಸಲ ಕೇಳಿದ್ದೇನೆ, ಇದು ನಾಲ್ಕನೆಯದು.

ಸಣ್ಯಾ


ಹುನಗುಂದ
೩ ಡಿಸೆಂಬರ್ ೧೯೮೦

ಅಣ್ಣಾ,

ನನ್ನಿಂದ ಒಂದು ಕೂಸು ಸತ್ತಿತು.

ನವೆಂಬರ್ ಇಪ್ಪತ್ತಾರರಂದು ಸೀರೆಯ ಗಂಟು ಹಿಂದೆ ಕಟ್ಟಿಕೊಂಡು ಹುನಗುಂದದ ಕಡೆ ಬರುತ್ತಿದ್ದೆ. ಮುಂದೆ ಹತ್ತಿ ತುಂಬಿದ ಚಕ್ಕಡಿ ಹೋಗುತ್ತಿತ್ತು. ಚಕ್ಕಡಿಯಿಂದ ಉದುರಿದ ಹತ್ತಿ ಆರಿಸಲು ಮಕ್ಕಳು ಹಿಂದೆ ಓಡುತ್ತವಲ್ಲ, ಹಾಗೆ ಒಂದು ಹುಡುಗಿ ಆ ಕಡೆಯಿಂದ ಈ ಕಡೆಗೆ ಓಡಿ ಬಂದಳು. ಬ್ರೇಕು ಹಾಕಿದೆ. ಗಾಡಿ ವಾರೆಯಾಗಿ ಹೋಗಿ ಅವಳಿಗೆ ಬಡಿಯಿತು. ಆರು ವರ್ಷದವಳು, ಸಂಗವ್ವ ಅಂತ ಹೆಸರು. ಎತ್ತಿಕೊಂಡು ದವಾಖಾನೆಗೆ ಓಡಿದೆ. ನನ್ನ ಕೈಯಲ್ಲೇ ಹೋದಳು. ಅವಳ ಮುಷ್ಟಿಯಲ್ಲಿ ಹತ್ತಿ ಹಾಗೇ ಇತ್ತು.

ಪೊಲೀಸರು ಲೈಸೆನ್ಸು ಕೇಳಿದರು. ಇದೆ ಅಂದರೆ ರಿಜಿಸ್ಟರ್ ತೆಗೆಯುತ್ತಾರೆ, ತೆಗೆದರೆ ನೀನು ಸಿಗುತ್ತೀ. "ಇಲ್ಲರೀ, ತಗಿಸೇ ಇಲ್ಲ" ಅಂದೆ. ಫೌಜದಾರರು ಕೆನ್ನೆಗೆ ಹೊಡೆದರು. "ಗಾಡಿ ಹೊಡಿಯಾಕ ಬರದವ ರಸ್ತೇಕ ಯಾಕ ಬಂದಿ ಮಗನ?" ಅಂದರು. ಆ ಏಟಿಗಿಂತ ಆ ಮಾತು ಹೆಚ್ಚು ತಾಗಿತು.

ಗುರಲಿಂಗಪ್ಪನವರು ಜಾಮೀನು ಕೊಟ್ಟು ಬಿಡಿಸಿದರು. ಮರುದಿನ ಆ ಹುಡುಗಿಯ ಮನೆಗೆ ಹೋದೆ. ಬಡಿಯಲಿ ಅಂತಲೇ ಹೋದೆ. ಅವಳ ಅವ್ವ ಬಡಿಯಲಿಲ್ಲ, ಅಳಲಿಲ್ಲ. "ನಿನಗ ಹೊಡಿಯಾಕ ಬರತಿತ್ತೇನು?" ಅಂತ ಅದೊಂದನ್ನೇ ಕೇಳಿದಳು. ಬರುತ್ತಿತ್ತವ್ವಾ ಅಂದೆ. ಅವಳು ನಂಬಲಿಲ್ಲ. ಯಾಕೆ ನಂಬಬೇಕು?

ವಕೀಲರಿಗೆ ಎಲ್ಲ ನಿಜ ಹೇಳಿದೆ. ಪರೀಕ್ಷೆ ಪಾಸಾಗಿ ಮೂರು ವರ್ಷ ಲೈಸೆನ್ಸು ಇಟ್ಟುಕೊಂಡವನು ಅಂತ ಕೋರ್ಟಿಗೆ ಗೊತ್ತಾದರೆ ಶಿಕ್ಷೆ ಹಗುರಾಗುತ್ತದೆ, ದಂಡದಲ್ಲೇ ಮುಗಿದರೂ ಮುಗಿಯಬಹುದು ಅನ್ನುತ್ತಾರೆ. ಅದನ್ನು ಹೇಳಬಲ್ಲವನು ನೀನೊಬ್ಬನೇ. ಪುಸ್ತಕ ತಂದು ಸಾಕ್ಷಿ ಹೇಳು. ಫೆಬ್ರವರಿ ಹನ್ನೆರಡಕ್ಕೆ ಹುನಗುಂದ ಕೋರ್ಟಿನಲ್ಲಿ ತಾರೀಖು ಇದೆ.

ನಿನ್ನ ನೌಕರಿ ಹೋಗಬಹುದು. ನಿನ್ನ ಮೇಲೂ ಕೇಸು ಆಗಬಹುದು. ಗೊತ್ತಿದ್ದೇ ಕೇಳುತ್ತಿದ್ದೇನೆ. ಜೈಲಿನ ಹೆದರಿಕೆ ನನಗಿಲ್ಲ. ಗಾಡಿ ಹೊಡೆಯಲು ಬಾರದವನ ಕೈಯಲ್ಲಿ ತನ್ನ ಮಗಳು ಸತ್ತಳು ಅಂತ ಆ ತಾಯಿ ಸಾಯುವವರೆಗೆ ಅಂದುಕೊಂಡಿರಬಾರದು. ಅಷ್ಟಕ್ಕಾದರೂ ಬಾ.

ಚೊಳಚಗುಡ್ಡದವರು ಮಾತು ಮುರಿದುಕೊಂಡರು.

ಸಣ್ಯಾ


ಗುಡೂರು
೨೦ ಜನವರಿ ೧೯೮೧

ದೊಡ್ಯಾ,

ನಿಮ್ಮವ್ವ ಬೋರವ್ವ ಹೇಳೂದು, ಬಾಜೂ ಮನಿ ಕಾಸಿಂಬಿ ಬರಕೊಳ್ಳೂದು. ನಾ ಹೇಳಿದ್ದನ್ನ ಹಂಗ ಬರಿಯವಾ, ಚಂದ ಮಾಡಬ್ಯಾಡ ಅಂತ ಆಕಿಗೆ ಹೇಳೇನಿ.

ಸಣ್ಯಾ ಮೂರು ಪತ್ರ ಬರದಾನ. ನೀ ಒಂದಕ್ಕೂ ಜವಾಬು ಕೊಟ್ಟಿಲ್ಲ. ಯಾಕಪಾ, ಕೈ ಬಿದ್ದು ಹೋಗ್ಯಾವೇನು? ಸರ್ಕಾರಿ ಜೀಪು ಹೊಡಿಯಾಕ ಕೈ ಅದಾವು, ತಮ್ಮಗ ನಾಕು ಅಕ್ಷರ ಬರಿಯಾಕ ಇಲ್ಲ?

ಪುಸ್ತಕ ಕೊಡು ಅಂತ ಅವಗ ಹೇಳಿದಾಕಿ ನಾನ. ನನ್ನ ಬಾಯಿಗೆ ಮಣ್ಣ ಬೀಳಲಿ. ಒಂದ ಎದಿ ಹಾಲು ಕುಡದ ಮಕ್ಕಳು ಒಂದ ಪುಸ್ತಕದಾಗ ಇದ್ರ ತಪ್ಪೇನಂತ ತಿಳಕೊಂಡೆ. ಒಬ್ಬ ಒಳಗ ಕುಂತು ಇನ್ನೊಬ್ಬನ್ನ ಹೊರಗ ಹಾಕತಾನ ಅಂತ ನನಗ ತಿಳೀಲಿಲ್ಲ.

ಅವ ಹುಟ್ಟಿದ ಮೂರನೇ ದಿನ ಅವನ್ನ ಹಡದಾಕಿ ಸತ್ತಳು. ನೀ ಆಗ ಆರು ತಿಂಗಳ ಕೂಸು. ಒಂದು ಮಲಿ ನಿನಗ, ಒಂದು ಮಲಿ ಅವಗ ಕೊಟ್ಟೇನಿ. ಹಾಲು ಸಾಲದ ನೀ ಅಳತಿದ್ದಿ. ಅಳಲಿ, ಇವಗ ಯಾರೂ ಇಲ್ಲ ಅಂತ ನಿನ್ನ ಕೆಳಗ ಹಾಕಿ ಅವನ್ನ ಎತ್ತಿಕೊಂಡೇನಿ. ಅದರ ಸಿಟ್ಟು ಇನ್ನೂ ಐತೇನು ನಿನ್ನ ಹೊಟ್ಯಾಗ? ಇದ್ರ ನನ್ನ ಮ್ಯಾಲ ತೀರಿಸಿಕೊ.

ಅವ ಉಣ್ಣವಲ್ಲ, ಮಾತಾಡವಲ್ಲ. ಹತ್ತಿ ಕಂಡ್ರ ಮಾರಿ ಆ ಕಡಿ ಮಾಡತಾನ. ನೀ ತಾರೀಖಿಗೆ ಬಂದು ಸಾಹೇಬ್ರ ಮುಂದ ನಿಂತು ಖರೇ ಹೇಳು. ನೌಕರಿ ಹೋದ್ರ ಹೋಗಲಿ. ಕುರಿ ಅದಾವು. ನಿಮ್ಮಪ್ಪ ಕುರಿ ಕಾಯ್ದ ನಿಮ್ಮಿಬ್ಬರನ್ನೂ ದೊಡ್ಡವರನ್ನ ಮಾಡ್ಯಾನ.

ಬರದಿದ್ರ... ಬ್ಯಾಡ, ಅದನ್ನ ಬರಿಬ್ಯಾಡ ಕಾಸಿಂಬಿ.

ನಿಮ್ಮವ್ವ ಬೋರವ್ವನ ಹೆಬ್ಬೆಟ್ಟು


ಬಾಗಲಕೋಟೆ
೧೫ ಫೆಬ್ರವರಿ ೧೯೮೧

ಸಣ್ಯಾ,

ನಾನು ಬರಲಿಲ್ಲ ಅಂತ ನೀವು ತಿಳಿದಿದ್ದೀರಿ. ನಾನು ಬಂದಿದ್ದೆ.

ರಜೆ ಹಾಕಿ, ಪುಸ್ತಕ ಜೇಬಿನಲ್ಲಿಟ್ಟುಕೊಂಡು ಮೊದಲ ಬಸ್ಸಿಗೇ ಹುನಗುಂದಕ್ಕೆ ಬಂದೆ. ಕೋರ್ಟಿನ ಎದುರಿಗೆ ಚಹಾದ ಅಂಗಡಿ ಇದೆಯಲ್ಲ, ಅದರ ಒಳಗೆ ಕೂತಿದ್ದೆ. ನೀನು ಬೇವಿನ ಗಿಡದ ಕೆಳಗೆ ನಿಂತಿದ್ದೆ. ಅವ್ವ ನಿನ್ನ ಕಾಲ ಹತ್ತಿರ ಕೂತಿದ್ದಳು. ಬಾಗಲಕೋಟೆಯ ಕಡೆಯಿಂದ ಬಸ್ಸು ಬಂದಾಗಲೆಲ್ಲ ಅವಳು ಎದ್ದು ನಿಂತು ಇಳಿಯುವವರ ಮುಖ ನೋಡಿ ಮತ್ತೆ ಕೂಡುತ್ತಿದ್ದಳು. ನಾಲ್ಕು ಸಲ ಎದ್ದಳು. ನಾನು ನಾಲ್ಕು ಕಪ್ಪು ಚಹಾ ಕುಡಿದೆ.

ಜವಾನ ಹೊರಗೆ ಬಂದು ಹೆಸರು ಕೂಗಿದ, ಅಮಸಿದ್ದಪ್ಪ ಹುಲ್ಲಪ್ಪ ಪೂಜಾರಿ ಅಂತ. ಅದು ನನ್ನ ಹೆಸರೂ ಹೌದಲ್ಲ. ಎದ್ದು ನಿಂತೆ. ಕಾಲು ಕೋರ್ಟಿನ ಕಡೆ ಹೋಗಲಿಲ್ಲ. ಅಂಗಡಿಯ ಹಿಂದಿನ ಬಾಗಿಲಿಂದ ಹೊರಗೆ ಹೋಗಿ ಬಸ್ಸು ಹತ್ತಿಬಿಟ್ಟೆ.

ನನಗೆ ಇಬ್ಬರು ಹೆಣ್ಣುಮಕ್ಕಳು. ಸಾವಂತ್ರವ್ವ ಮತ್ತೆ ಬಸುರಿ. ನನ್ನ ಪರಿಸ್ಥಿತಿ ನಿನಗೆ ಗೊತ್ತಿದೆ. ನಾನು ಹೇಡಿ ಅಂತ ಬರೆದುಕೊಳ್ಳುತ್ತಿದ್ದೇನೆ, ನೀನು ಬೈಯುವ ಕೆಲಸ ಉಳಿಯಲಿ. ಅವ್ವನಿಗೆ ಇದನ್ನು ಓದಿ ಹೇಳಬೇಡ.

ದೊಡ್ಯಾ


ಬಾಗಲಕೋಟೆ
೧೮ ನವೆಂಬರ್ ೧೯೮೧

ತಮ್ಮಾ,

ಜುಲೈಯಲ್ಲಿ ನಿನಗೆ ಒಂದೂವರೆ ವರ್ಷ ಶಿಕ್ಷೆಯಾಯಿತು ಅಂತ ಗೌಸಸಾಬನಿಂದ ತಿಳಿಯಿತು. ಅಂದಿನಿಂದ ಪತ್ರ ಬರೆಯಲು ಎಷ್ಟೋ ಸಲ ಕೂತೆ. ಜೈಲಿನ ವಿಳಾಸ ಬರೆದು ಅಲ್ಲಿಗೇ ಬಿಟ್ಟೆ. ಇಂದು ಬರೆಯದೆ ಗತಿಯಿಲ್ಲ.

ಶಿಕ್ಷೆಯ ಜೊತೆಗೆ ಮೂರು ವರ್ಷ ಯಾವ ಗಾಡಿಯ ಲೈಸೆನ್ಸೂ ಇಟ್ಟುಕೊಳ್ಳಬಾರದು ಅಂತ ಕೋರ್ಟು ಬರೆದಿತ್ತಂತೆ. ಆ ಹುಕುಂ ಲೈಸೆನ್ಸು ಕಚೇರಿಗೆ ಬಂತು. ಅವರು ರಿಜಿಸ್ಟರಿನಲ್ಲಿ ಹೆಸರು ಹುಡುಕಿದರು. ಅಮಸಿದ್ದಪ್ಪ ತಂದೆ ಹುಲ್ಲಪ್ಪ ಪೂಜಾರಿ, ಗುಡೂರು. ಒಬ್ಬನೇ ಇದ್ದಾನೆ. ನನ್ನ ಪುಸ್ತಕ ರದ್ದಾಯಿತು, ಕಾರಿನದೂ ಸೇರಿ. ನಮ್ಮ ಕಚೇರಿಗೂ ಕಾಗದ ಹೋಯಿತು. "ಕೂಸಿನ್ನ ಕೊಂದು ಜೈಲಿಗೆ ಹೋಗಬೇಕಾದವ ಇಲ್ಲಿ ಜೀಪು ಹೊಡಕೋತ ಹೆಂಗದೀಯೋ?" ಅಂತ ಸಾಹೇಬರು ಎಲ್ಲರ ಎದುರಿಗೆ ಕೇಳಿದರು. ನಾನಲ್ಲರೀ ಅಂದೆ. "ಹಂಗಾರ ಅವ ಯಾರು?" ಅಂದರು. ನಾನು ಅಲ್ಲಿ ನಿಂತೇ ಅತ್ತೆ.

ಕೆಲಸದಿಂದ ದೂರ ಇಟ್ಟಿದ್ದಾರೆ. ಜೈಲಿನಲ್ಲಿರುವವನು ಬೇರೆ, ನಾನು ಬೇರೆ ಅಂತ ಒಂದು ತಿಂಗಳೊಳಗೆ ತೋರಿಸದಿದ್ದರೆ ನೌಕರಿ ಹೋಗುತ್ತದೆ. ಅದನ್ನು ನೀನು ಮಾತ್ರ ಹೇಳಬಲ್ಲೆ.

ವಕೀಲರಿಂದ ಟೈಪು ಮಾಡಿಸಿ ಒಂದು ಕಾಗದ ಇದರೊಳಗೆ ಇಟ್ಟಿದ್ದೇನೆ. ನಿನ್ನ ತಂದೆ ಈರಪ್ಪ, ಹುಲ್ಲಪ್ಪ ಅಲ್ಲ. ಹುಲ್ಲಪ್ಪನ ಹೆಸರನ್ನು ನೀನು ಕೋರ್ಟಿನಲ್ಲಿ ಸುಳ್ಳಾಗಿ ಹೇಳಿದೆ. ಬೋರವ್ವ ನಿನ್ನ ತಾಯಿಯಲ್ಲ. ನಿನ್ನ ಹತ್ತಿರ ಎಂದೂ ಯಾವ ಲೈಸೆನ್ಸೂ ಇರಲಿಲ್ಲ. ಇಷ್ಟೇ. ಜೈಲರ ಎದುರಿಗೆ ಸಹಿ ಮಾಡಿ ಕಳಿಸು.

ಈಗ ಮೂವರು ಮಕ್ಕಳು. ಮೂರನೆಯದು ಗಂಡು. ಹೆಸರು ಇನ್ನೂ ಇಟ್ಟಿಲ್ಲ.

ಕೇಳಬಾರದ್ದನ್ನು ಕೇಳುತ್ತಿದ್ದೇನೆ, ಗೊತ್ತು.

ನಿನ್ನ ಅಣ್ಣ
ದೊಡ್ಯಾ


ಜೈಲು
೬ ಡಿಸೆಂಬರ್ ೧೯೮೧

ದೊಡ್ಯಾನಿಗೆ,

ನಿನ್ನ ಕಾಗದ ಒಂಬತ್ತು ದಿನ ನನ್ನ ಹತ್ತಿರ ಇತ್ತು. ಮೊದಲ ದಿನ ಹರಿಯಲು ಹೋದೆ. ಎರಡನೆಯ ದಿನ ನಿನಗೆ ಬೈದು ಬರೆಯಲು ಕೂತೆ, ನಿನ್ನ ಹೆಸರು ಹಿಡಿದು ಬೈದರೆ ನನ್ನ ಹೆಸರನ್ನೇ ಬೈದ ಹಾಗಾಯಿತು. ಆಮೇಲೆ ಬೈಯಲೂ ಬೇಸರ ಬಂತು.

ಸಹಿ ಮಾಡಿದ್ದೇನೆ. ಇದರೊಳಗೆ ಇದೆ, ತೆಗೆದುಕೋ.

ನಿನ್ನ ಮೇಲಿನ ಪ್ರೀತಿಗೆ ಮಾಡಿದೆ ಅಂತ ತಿಳಿಯಬೇಡ. ಆ ಮೂರು ಮಕ್ಕಳು ನನಗೆ ಏನೂ ಮಾಡಿಲ್ಲ, ಅದಕ್ಕೆ ಮಾಡಿದೆ. ಇನ್ನೊಂದು ಖರೆ ಮಾತೆಂದರೆ, ನಿನ್ನ ಹೆಸರಿನ ಜೊತೆ ಒಂದೇ ಸಾಲಿನಲ್ಲಿ ಇರುವುದು ನನಗೂ ಇನ್ನು ಬೇಡ. ನಾನು ಎಂದೂ ಗಾಡಿ ಕಲಿತವನಲ್ಲ ಅಂತ ಈಗ ನನ್ನ ಕೈಯಾರೆ ಬರೆದುಕೊಟ್ಟಂತಾಯಿತು. ಆ ಹುಡುಗಿಯ ಅವ್ವ ಅಂದುಕೊಂಡದ್ದೇ ನಿಜವಾಗಿ ಉಳಿಯಲಿ. ಕೋರ್ಟಿನಲ್ಲಿ ಸುಳ್ಳು ಹೆಸರು ಹೇಳಿದ್ದಕ್ಕೆ ಇನ್ನೊಂದು ಕೇಸು ಆಗಬಹುದು ಅಂತ ಜೈಲರು ಹೆದರಿಸಿದರು. ಆಗಲಿ ರೀ ಅಂದೆ.

ಸಹಿಯಾದ ಮೇಲೆ ಇಲ್ಲಿಯ ಗುಮಾಸ್ತ ಅದರ ನಕಲಿಗೂ ಸಹಿ ಹಾಕಿಸಿಕೊಂಡು, ರಿಜಿಸ್ಟರ್ ತೆಗೆದು ನನ್ನ ಪುಟ ತಿದ್ದಿದ. ತಂದೆಯ ಹೆಸರಿನ ಕಡೆ ಹುಲ್ಲಪ್ಪನನ್ನು ಹೊಡೆದು ಈರಪ್ಪ ಅಂತ ಬರೆದ. ಆ ಈರಪ್ಪನ ಮುಖವನ್ನು ನಾನು ಕಂಡಿಲ್ಲ. ಅವನು ಎತ್ತರವಿದ್ದನೋ ಗಿಡ್ಡನಿದ್ದನೋ ನನಗೆ ಗೊತ್ತಿಲ್ಲ. ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹಿಂಡಿನ ಹಿಂದೆ ತಿರುಗಿದವನು ಹುಲ್ಲಪ್ಪ. ಅವನು ಸತ್ತಾಗ ನಾವಿಬ್ಬರೂ ತಲೆ ಬೋಳಿಸಿಕೊಂಡೆವು. ಅವನು ನನಗೆ ಯಾರೂ ಅಲ್ಲ ಅಂತ ನಾನು ಬರೆದುಕೊಟ್ಟಿದ್ದೇನೆ.

ಆಮೇಲೆ ಗುಮಾಸ್ತ, "ತಾಯಿ?" ಅಂತ ಕೇಳಿದ. "ನಾ ಹುಟ್ಟಿದ ಮೂರನೇ ದಿನ ತೀರಿಕೊಂಡಾಳ್ರೀ" ಅಂದೆ. "ಮತ್ತ ತಿಂಗಳಾ ಒಂದು ಮುದುಕಿ ಅವ್ವ ಅಂತ ಹೇಳಿ ಬರತಾಳಲ್ಲೋ?" ಅಂದ.

ಇಲ್ಲಿ ಭೇಟಿಗೆ ತಂದೆ, ತಾಯಿ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಇಷ್ಟೇ ಜನರನ್ನು ಬಿಡುತ್ತಾರೆ. ಪಟ್ಟಿಯಲ್ಲಿ ಬೋರವ್ವನ ಹೆಸರೊಂದೇ ಇತ್ತು. ಅದರ ಮೇಲೆ ಗೀಟು ಎಳೆದ.

ಹೋದ ಸಲ ಬಂದಾಗ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ತಂದಿದ್ದಳು. ಮೊಣಕಾಲು ನೋವು ಅಂತ ಕುಂಟುತ್ತಿದ್ದಳು. ಎರಡು ಬಸ್ಸು ಬದಲಿಸಿ, ನಿಲ್ದಾಣದಿಂದ ನಡೆದುಕೊಂಡು ಬರುತ್ತಾಳೆ. "ಬರೂ ತಿಂಗಳ ಎರಡನೇ ಐತವಾರ ಮತ್ತ ಬರ್ತೇನಿ" ಅಂತ ಹೇಳಿ ಹೋಗಿದ್ದಾಳೆ. ಬಂದೇ ಬರುತ್ತಾಳೆ. ಬಾಗಿಲಲ್ಲಿ ಅವಳನ್ನು ನಿಲ್ಲಿಸಿ ನೀನು ಇವನಿಗೆ ಯಾರು ಅಂತ ಕೇಳುತ್ತಾರೆ. ಅವ್ವ ಅನ್ನುತ್ತಾಳೆ. ಅಲ್ಲ ಅಂತ ನಿನ್ನ ಮಗನೇ ಬರೆದುಕೊಟ್ಟಿದ್ದಾನೆ ಅಂತ ಸಹಿ ತೋರಿಸಿ ಹಿಂದೆ ಕಳಿಸುತ್ತಾರೆ.

ಅವಳು ಅಷ್ಟು ದೂರ ಬಂದು ಅದನ್ನು ಆ ಸಿಪಾಯಿಯ ಬಾಯಿಂದ ಕೇಳಬಾರದು. ಅದಕ್ಕಿಂತ ಮೊದಲು ನೀನು ಗುಡೂರಿಗೆ ಹೋಗಿ, ಅವಳ ಎದುರಿಗೆ ಕೂತು, ನೀನೇ ಹೇಳು.

ಅಮಸಿದ್ದಪ್ಪ
ತಂದೆ ಈರಪ್ಪ